ಹಾಲಿ ಹಾವಗೆಪ್ಪ

ಸಂತಪುರದ ಹಾವಗೆಪ್ಪನಿಗೆ ಜನ 'ಹಾಲಿ ಹಾವಗೆಪ್ಪ' ಎಂದು ಹೆಸರಿಟ್ಟದ್ದು ಅವನ ನಡುವಯಸ್ಸಿನಲ್ಲಿ, ಒಂದು ಮಧ್ಯಾಹ್ನದ ಹಾಡಿನಿಂದ. ಪ್ರೀತಿಯಿಂದಲೇ ಇಟ್ಟಿದ್ದರು. ಅವನ ಜೋಡೆತ್ತಿನ ಗಾಡಿ ಭಾಲ್ಕಿ ಪೇಟೆಯೊಳಗೆ ಬಂದರೆ ಅಡತಿ ಅಂಗಡಿಯ ಹಮಾಲರು 'ಹಾಲಿ ಬಂದ, ಹಾಲಿ ಬಂದ' ಎಂದು ನಗುತ್ತ ದಾರಿ ಬಿಡುತ್ತಿದ್ದರು. ಔರಾದದ ಸಂತೆಯಲ್ಲಿ ಎಲೆ ಅಡಿಕೆ ಮಾರುವಾಕೆ ಅವನಿಂದ ಬಿಡಿಗಾಸು ತೆಗೆದುಕೊಳ್ಳುತ್ತಿರಲಿಲ್ಲ. ಬೇರೆಯವರಿಗಾಗಿದ್ದರೆ ಎದೆ ಉಬ್ಬುತ್ತಿತ್ತು. ಹಾವಗೆಪ್ಪ ಮಾತ್ರ ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಬಾಗಿ ಎತ್ತಿನ ಕೊರಳ ಹಗ್ಗ ಸರಿಮಾಡತೊಡಗುತ್ತಿದ್ದ. ಹಗ್ಗ ಸರಿಯಾಗಿಯೇ ಇರುತ್ತಿತ್ತು.

ಆಗಿನದು ನಿಜಾಮರ ಆಳಿಕೆ. ರಾಜ್ಯದಲ್ಲಿ ನಡೆಯುತ್ತಿದ್ದದ್ದು ಹೈದರಾಬಾದಿನ ಟಂಕಸಾಲೆಯಲ್ಲಿ ಮುದ್ರೆ ಒತ್ತಿದ ರೂಪಾಯಿ. ಅದಕ್ಕೆ ಹಾಲಿ ಸಿಕ್ಕಾ ಎನ್ನುತ್ತಿದ್ದರು, ಬಾಯಿಮಾತಿನಲ್ಲಿ ಬರೀ ಹಾಲಿ. ಗಡಿ ದಾಟಿ ಬಾರ್ಶಿಗೋ ಸೊಲ್ಲಾಪುರಕ್ಕೋ ಕಾಲಿಟ್ಟರೆ ಅಲ್ಲಿ ಇಂಗ್ರೇಜರ ಕಲದಾರ ರೂಪಾಯಿ. ಎರಡೂ ಬೆಳ್ಳಿಯವೇ, ಎರಡೂ ದುಂಡಗಿನವೇ, ಆದರೆ ಕಲದಾರದ ಬೆಲೆ ಹೆಚ್ಚು. ನೂರು ಕಲದಾರ ಬೇಕೆಂದರೆ ನೂರಾ ಹದಿನಾರು ಹಾಲಿ ಎಣಿಸಬೇಕು. ಕೆಲವು ಸಲ ಹದಿನೆಂಟು, ಒಮ್ಮೊಮ್ಮೆ ಇಪ್ಪತ್ತು. ಬೆಳಿಗ್ಗೆ ಒಂದು ದರ, ಸಂಜೆಗೆ ಇನ್ನೊಂದು. ನಡುವಿನ ಈ ಅಂತರಕ್ಕೆ ಬಟ್ಟಾ ಎಂದು ಹೆಸರು, ಅದನ್ನು ಹೇಳುವವನು ಗಾದಿಯ ಮೇಲೆ ಕುಳಿತು ನಾಣ್ಯ ಬದಲಿಸಿಕೊಡುವ ಸರಾಫ. ಹತ್ತಿಯ ಗಾಡಿ ಹೂಡಿ ಕಮಲನಗರ, ಉದಗೀರ, ಲಾತೂರ ದಾಟಿ ಬಾರ್ಶಿ ಪೇಟೆಗೆ ಹೋಗಿ ಬರುವ ಹಾವಗೆಪ್ಪನಂಥವರಿಗೆ ಗಡಿಯಲ್ಲಿ ಸುಂಕ ವಸೂಲಿ ಮಾಡುವ ಕರೋಡಗಿರಿ ನಾಕಾದ ಸಿಪಾಯಿಗಿಂತ ಈ ಸರಾಫನದೇ ಹೆದರಿಕೆ.

ಹಾವಗೆಪ್ಪನ ಮನಸ್ಸಿನಲ್ಲಿ ಇದು ಗಾಯವಾಗಿ ಕೂತದ್ದು ಅವನ ತಂದೆ ಶಿವರಾಜಪ್ಪ ಸತ್ತ ದಿನ. ಹಾವಗೆಪ್ಪನಿಗೆ ಆಗ ಮೀಸೆ ಚಿಗುರುತ್ತಿದ್ದ ವಯಸ್ಸು. ತಂದೆ ಮಗ ಇಬ್ಬರೂ ಹತ್ತಿ ಹೇರಿಕೊಂಡು ಬಾರ್ಶಿಗೆ ಹೋಗಿದ್ದರು. ಊರು ಮುಟ್ಟಿದ ಸಂಜೆಯೇ ಶಿವರಾಜಪ್ಪನಿಗೆ ವಾಂತಿಭೇದಿ ಹತ್ತಿತು, ಬೆಳಗಾಗುವುದರೊಳಗೆ ಧರ್ಮಶಾಲೆಯ ಪಡಸಾಲೆಯಲ್ಲಿ ತೀರಿಕೊಂಡ. ಹತ್ತಿ ಇನ್ನೂ ಗಾಡಿಯ ಮೇಲೆಯೇ ಇತ್ತು, ಮಾರಿರಲಿಲ್ಲ. ಹಾವಗೆಪ್ಪನ ಉಡಿಯಲ್ಲಿದ್ದವು ಊರಿಂದ ತಂದ ಹಾಲಿ ರೂಪಾಯಿಗಳು. ಅಂದು ಅಮಾವಾಸ್ಯೆ, ಸರಾಫರ ಅಂಗಡಿ ಒಂದೂ ತೆರೆದಿರಲಿಲ್ಲ. ಬಟ್ಟೆ ಅಂಗಡಿಯವನು ನಾಣ್ಯ ತಿರುಗಿಸಿ ನೋಡಿ, ಇದು ಇಲ್ಲಿ ನಡೆಯುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ ಹಿಂದಕ್ಕೆ ಕೊಟ್ಟ. ಕುಣಿ ತೋಡುವವರೂ ಅದನ್ನೇ ಹೇಳಿದರು. ರೊಕ್ಕ ಇದ್ದೂ ತಂದೆಯ ಮೈಮೇಲೆ ಒಂದು ಹೊಸ ಅರಿವೆ ಹೊದಿಸಲಾಗದೆ ಹುಡುಗ ಧರ್ಮಶಾಲೆಯ ಕಟ್ಟೆಯ ಮೇಲೆ ಕುಳಿತಿದ್ದ.

ಅದೇ ಕಟ್ಟೆಯ ಇನ್ನೊಂದು ತುದಿಗೆ ಬೀದರದ ಬಿದ್ರಿ ಕೆಲಸಗಾರ ಗುಲಾಮ ರಸೂಲ ಇಳಿದುಕೊಂಡಿದ್ದ. ಹುಕ್ಕಾದ ಬುಡ, ಪಾನದಾನಿ ಇಂಥವನ್ನು ಗಂಟು ಕಟ್ಟಿಕೊಂಡು ಊರೂರು ಮಾರುವವನು, ಹಾವಗೆಪ್ಪನಿಗಿಂತ ಐದಾರು ವರ್ಷ ದೊಡ್ಡವನು. ಸಂಗತಿ ಕೇಳಿ ತಿಳಿದುಕೊಂಡು, ತನ್ನ ಥೈಲಿಯಿಂದ ಕಲದಾರ ತೆಗೆದು ಹುಡುಗನ ಮುಂದಿಟ್ಟ. ಅಷ್ಟೇ ಎಣಿಕೆಯ ಹಾಲಿ ತೆಗೆದುಕೊಂಡ, ಒಂದಕ್ಕೆ ಒಂದು. ಬಟ್ಟಾ ಲೆಕ್ಕ ಹಾಕಿರಿ ಎಂದು ಹಾವಗೆಪ್ಪ ಅಂದದ್ದಕ್ಕೆ, "ಸತ್ತವರ ಮ್ಯಾಲಿನ ಬಟ್ಟಾ ನನಗ ದಕ್ಕಂಗಿಲ್ಲ ತಮ್ಮಾ, ಏಳು," ಎಂದ. ಬಾರ್ಶಿಯ ಲಿಂಗಾಯತರ ಓಣಿಗೆ ಹೋಗಿ ಜಂಗಮರನ್ನು ಕರೆತಂದವನೂ ಅವನೇ. ಶಿವರಾಜಪ್ಪನನ್ನು ಕುಣಿಯಲ್ಲಿ ಕೂರಿಸಿ ಮಣ್ಣು ಕೊಡುವ ತನಕ ದೂರದಲ್ಲಿ ನಿಂತಿದ್ದ.

ಆ ದಿನದಿಂದ ಇಬ್ಬರದೂ ಬಿಡಿಸಲಾಗದ ಸ್ನೇಹ. ಇಬ್ಬರಿಗೂ ಲಾವಣಿಯ ಹುಚ್ಚು ಇದೆ ಎನ್ನುವುದು ಊರಿಗೆ ಮರಳುವ ದಾರಿಯಲ್ಲೇ ತಿಳಿದಿತ್ತು. ಕೆಲವೇ ವರ್ಷಗಳಲ್ಲಿ ಬೀದರ, ಭಾಲ್ಕಿ, ಔರಾದದ ಸುತ್ತಿನಲ್ಲಿ ಅವರ ಜೋಡಿ ಹೆಸರಾಯಿತು. ಸವಾಲ್ ಜವಾಬಿನ ಹಾಡು ಅವರದು. ಒಬ್ಬ ಅತ್ತೆಯ ಪಕ್ಷ ಹಿಡಿದರೆ ಇನ್ನೊಬ್ಬ ಸೊಸೆಯ ಪಕ್ಷ. ಒಬ್ಬ ನೇಗಿಲು ದೊಡ್ಡದೆಂದರೆ ಇನ್ನೊಬ್ಬ ತಕ್ಕಡಿ ದೊಡ್ಡದೆನ್ನಬೇಕು. ಹಾವಗೆಪ್ಪನ ಕೈಯಲ್ಲಿ ತುಂತುಣಿ, ರಸೂಲನ ಕೈಯಲ್ಲಿ ದಪ್ಪು. ಎದುರಿನವನ ಪಕ್ಷವನ್ನು ಎಷ್ಟು ಬೇಕಾದರೂ ಹಳಿಯಬಹುದು, ಹಾಡುವವನ ಹೆಸರು ಹಿಡಿದು ಮಾತ್ರ ಹಳಿಯಬಾರದು. ಆ ಕಟ್ಟಳೆಯನ್ನು ಇಬ್ಬರೂ ಎಂದೂ ಮುರಿದಿರಲಿಲ್ಲ. ಹಾಡು ಮುಗಿದ ಮೇಲೆ ಬೀದರದಲ್ಲಾದರೆ ಚೌಬಾರಾ ಗೋಪುರದ ಹಿಂದಿನ ಗಲ್ಲಿಯ ರಸೂಲನ ಮನೆ, ಅವನ ಹೆಂಡತಿ ಆಬೇದಾ ಪರದೆಯ ಹಿಂದಿನಿಂದ ಚಹಾ ಕಳಿಸುವಳು. ಸಂತಪುರದಲ್ಲಾದರೆ ಹಾವಗೆಪ್ಪನ ಹೆಂಡತಿ ಗುಂಡಮ್ಮನ ಕೈಯ ಜೋಳದ ರೊಟ್ಟಿ.

ಹಾಡಿನಾಚೆಗೂ ಅವರಿಗೆ ಒಂದು ವಾದವಿತ್ತು. ಅದು ರೂಪಾಯಿಯದು. ಎರಡು ನಾಣ್ಯ ಯಾಕೆ ಬೇಕು, ಇಂಗ್ರೇಜರ ಕಲದಾರವೇ ಎಲ್ಲ ಕಡೆ ನಡೆಯಲಿ ಎನ್ನುವವನು ಹಾವಗೆಪ್ಪ. ಮನೆಯ ನಾಣ್ಯ ಬಿಟ್ಟುಕೊಟ್ಟರೆ ಮನೆಯ ಬೀಗ ಬಿಟ್ಟುಕೊಟ್ಟಂತೆ ಎನ್ನುವವನು ರಸೂಲ. ಒಂದೇ ಗಾಡಿಯಲ್ಲಿ ಕೂತು ಹತ್ತು ಹರದಾರಿ ದಾರಿ ಇದನ್ನೇ ಮಾತಾಡುತ್ತ ಹೋಗುತ್ತಿದ್ದರು. ಯಾರೂ ಸೋಲುತ್ತಿರಲಿಲ್ಲ.

ಮೊದಲ ದೊಡ್ಡ ಯುದ್ಧ ಮುಗಿದ ಮರುವರ್ಷವೋ ಅದರಾಚೆಯದೋ, ಪೇಟೆಗಳಲ್ಲಿ ಒಂದು ಸುದ್ದಿ ಎದ್ದಿತು. ಹಾಲಿ ಸಿಕ್ಕಾ ನಿಲ್ಲಿಸಿ ರಾಜ್ಯವೂ ಕಲದಾರಕ್ಕೇ ಸೇರಿಕೊಂಡರೆ ಹೇಗೆ ಎಂದು ಹೈದರಾಬಾದಿನ ದೊಡ್ಡವರ ನಡುವೆ ಮಾತು ನಡೆದಿದೆಯಂತೆ. ನಿಜವೋ ಸುಳ್ಳೋ ಯಾರಿಗೆ ಗೊತ್ತು. ಭಾಲ್ಕಿಯ ಹತ್ತಿ ವ್ಯಾಪಾರಿ ಮಲ್ಲಿಕಾರ್ಜುನಪ್ಪ ಮಾತ್ರ ಆ ಸುದ್ದಿ ನಿಜವಾಗಲೆಂದು ಹಂಬಲಿಸುತ್ತಿದ್ದ. ಅವನ ವ್ಯವಹಾರವೆಲ್ಲ ಬಾರ್ಶಿ, ಮುಂಬಯಿಯ ಕಡೆ. ಹೈದರಾಬಾದಿನಿಂದ ಸರ್ಕಾರದ ಒಬ್ಬ ಸಾಹೇಬರು ಭಾಲ್ಕಿಗೆ ಮುಕ್ಕಾಮು ಬರುವವರಿದ್ದರು. ಅವರ ಮುಂದೆ ವ್ಯಾಪಾರಿಗಳು ಬಾಯಿಬಿಟ್ಟು ಹೇಳಿದರೆ ಸ್ವಾರ್ಥ ಎನ್ನಿಸೀತು, ಜನರ ಬಾಯಲ್ಲೇ ಬರಲಿ ಎಂದು ಮಲ್ಲಿಕಾರ್ಜುನಪ್ಪ ಹಂಚಿಕೆ ಹಾಕಿದ. ಹಾಲಿಗೂ ಕಲದಾರಕ್ಕೂ ಸವಾಲ್ ಜವಾಬ್ ಇಡಿಸಿದ. ಬಹುಮಾನ ಜರಿಯ ರುಮಾಲು. ಕಲದಾರದ ಪಕ್ಷ ಹಾವಗೆಪ್ಪನದು, ಹಾಲಿಯ ಪಕ್ಷ ರಸೂಲನದು ಎಂದು ಹೇಳಿಕಳಿಸಿದ. ಅವರಿಬ್ಬರ ವಾದ ಅವನಿಗೂ ಗೊತ್ತಿದ್ದದ್ದೇ.

ಹಾವಗೆಪ್ಪನಿಗೆ ಹಿಗ್ಗೋ ಹಿಗ್ಗು. ಗಾಡಿ ಹೊಡೆಯುವಾಗಲೂ ಪದ ಕಟ್ಟುತ್ತಿದ್ದ. ಕೇಳಿ ಕೇಳಿ ಒಂದು ಬೆಳಿಗ್ಗೆ ಗುಂಡಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಯಾರ ಮುಂದ ಹಾಡ್ಲತ್ತೀರಿ ಇದನ್ನ?"

"ಸಾಹೇಬರು ಬರ್ತಾರಂತ."

"ಸರ್ಕಾರದ ಮನುಷ್ಯಾನ ಮುಂದ ಕುಂತು ಸರ್ಕಾರದ ರೂಪಾಯಿ ಬ್ಯಾಡ ಅಂತೀರೇನ್ರಿ?" ಗುಂಡಮ್ಮನ ದನಿ ಏರಲಿಲ್ಲ. "ಎರಡು ಹೆಣ್ಣುಮಕ್ಕಳವ ಮನ್ಯಾಗ. ನಿಮ್ಮನ್ನ ಒಳಗ ಹಾಕಿದ್ರ ಅವರನ್ನ ಕರ್ಕೊಂಡು ನಾ ಯಾರ ಬಾಗಿಲಿಗಿ ಹೋಗ್ಲಿ?"

ಅದು ಬರೀ ಹಾಡು, ಆಟ, ಎಂದು ಹಾವಗೆಪ್ಪ ಸಮಾಧಾನ ಹೇಳಿದ. ಆದರೆ ಹೇಳುತ್ತಿದ್ದಂತೆಯೇ ಅವನಿಗೂ ಅಳುಕು ಶುರುವಾಯಿತು. ಹೋಗುವುದಿಲ್ಲ ಎಂದು ಹೇಳಿಕಳಿಸಿದರೆ ಮಲ್ಲಿಕಾರ್ಜುನಪ್ಪನ ಹತ್ತಿ ಹೇರುವ ಕೆಲಸ ಕೈಬಿಡುತ್ತದೆ. ಹೋದರೆ ಸಾಹೇಬರು. ಎರಡು ದಿನ ಅನ್ನ ರುಚಿಸಲಿಲ್ಲ. ಆಮೇಲೆ ಒಂದು ದಾರಿ ಹೊಳೆಯಿತು. ಹೊಳೆದಾಗ ಅದು ಬಹಳ ಸುಲಭವಾಗಿ ಕಂಡಿತು. ರಸೂಲ ಭಾಯಿ ಬಿದ್ರಿ ಕೆಲಸದವನು, ಅವನ ಹುಕ್ಕಾಗಳು ಹೈದರಾಬಾದಿನ ದೊಡ್ಡ ಮನೆತನಕ್ಕೇ ಹೋಗುತ್ತವೆ. ಉರ್ದು ಬಲ್ಲವನು. ಅವನ ನಿಷ್ಠೆಯನ್ನು ಸಾಹೇಬರು ಅನುಮಾನಿಸುವುದುಂಟೆ? ಹೀಗೆ ತನಗೆ ತಾನೇ ಹೇಳಿಕೊಂಡು ಹಾವಗೆಪ್ಪ ಗಾಡಿ ಹೂಡಿ ಬೀದರಕ್ಕೆ ಹೋದ.

ರಸೂಲನ ಕಾರಖಾನೆಯಲ್ಲಿ ಕುಳಿತು, ಹೆದರಿಕೆಯ ಮಾತನ್ನೇ ಎತ್ತದೆ, ಬೇರೊಂದು ಮಾತು ಹೇಳಿದ. ತಾವಿಬ್ಬರೂ ನಂಬಿದ್ದನ್ನೇ ನಂಬಿದಂತೆ ಹಾಡಿದರೆ ಅದರಲ್ಲಿ ಕಸುಬುದಾರಿಕೆ ಏನು ಬಂತು? ಪಕ್ಷ ಅದಲುಬದಲು ಮಾಡಿಕೊಳ್ಳೋಣ. ನಾನು ಹಾಲಿ ಹಾಡುತ್ತೇನೆ, ನೀನು ಕಲದಾರ ಹಾಡು. ಆಗ ನೋಡೋಣ ಯಾರ ಗಂಟಲು ಎಷ್ಟು ದೊಡ್ಡದು.

ರಸೂಲ ಬೆಳ್ಳಿ ತಂತಿಯನ್ನು ಪಾನದಾನಿಯ ಮುಚ್ಚಳದ ಗೆರೆಯೊಳಗೆ ಕೂರಿಸುತ್ತಿದ್ದ. ತಲೆ ಎತ್ತಿ ಗೆಳೆಯನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ನಕ್ಕ. "ಆಯ್ತು, ನಿನ್ನ ಪಕ್ಷ ನನಗ ಕೊಡು. ಆದ್ರ ಪೂರಾ ಕೊಡಬೇಕು. ಹೊಟ್ಯಾಗಿಂದೆಲ್ಲ ಹೇಳಬೇಕು."

ಬೀದರದಿಂದ ಭಾಲ್ಕಿಗೆ ಹೋಗುವ ದಾರಿಯಲ್ಲಿ ಕಾರಂಜಾ ಹೊಳೆಯ ದಂಡೆಗೆ ಗಾಡಿ ಬಿಟ್ಟು, ಎತ್ತುಗಳಿಗೆ ನೀರು ಕುಡಿಸಿ, ಇಬ್ಬರೂ ಜಾಲಿಗಿಡದ ನೆರಳಿಗೆ ಕುಳಿತರು. ಹಾವಗೆಪ್ಪನ ಮನಸ್ಸಿನಲ್ಲಿ ಕೊನೆಯವರೆಗೂ ಉಳಿದದ್ದು ಆ ಇಳಿಹೊತ್ತು. ತನ್ನ ಪಕ್ಷವನ್ನು ಗೆಳೆಯನಿಗೆ ಕಲಿಸುತ್ತ, ಗೆಳೆಯನ ಪಕ್ಷವನ್ನು ತಾನು ಕಲಿಯುತ್ತ ಕುಳಿತಿದ್ದರು. ಹಾವಗೆಪ್ಪ ಹೇಳಿದ: ಹತ್ತಿಯ ಸುಗ್ಗಿಯಲ್ಲಿ ನಮ್ಮ ಕೈಗೆ ಕಲದಾರ ಬರುತ್ತದೆ, ಆಗ ಸರಾಫ ಹಾಲಿಯ ಬೆಲೆ ಏರಿಸುತ್ತಾನೆ. ಸುಗ್ಗಿ ಮುಗಿದು ನಮಗೆ ಕಲದಾರ ಬೇಕಾದಾಗ ಅದನ್ನು ಏರಿಸುತ್ತಾನೆ. ಹೋಗುವಾಗಲೂ ಕೊಯ್ಯುತ್ತಾನೆ, ಬರುವಾಗಲೂ ಕೊಯ್ಯುತ್ತಾನೆ. ಒಂದೇ ನಾಣ್ಯವಿದ್ದರೆ ಅವನ ಕತ್ತರಿಗೆ ಕೆಲಸವೇ ಇಲ್ಲ. ಗಡಿಯ ಆಚೆ ಮಗಳನ್ನು ಕೊಟ್ಟವನು, ಆಚೆಯ ಪೇಟೆಗೆ ಮಾಲು ಒಯ್ಯುವವನು, ಪಂಢರಾಪುರದ ಯಾತ್ರೆಗೆ ಹೋಗುವ ಮುದುಕಿ, ಎಲ್ಲರೂ ಬದುಕಿಕೊಳ್ಳುತ್ತಾರೆ.

ರಸೂಲ ಅದನ್ನೆಲ್ಲ ಕೇಳಿ, ತನ್ನದನ್ನು ಹೇಳಿದ. "ಹೊಲದಾಗ ಕಳೆ ತಗ್ಯೋ ಹೆಣ್ಮಗಳಿಗಿ ಆರಾಣೆ ಹಾಲಿ ಕೂಲಿ ಅದ ಅಂತ ತಿಳಿ. ನಾಳಿ ಕಲದಾರ ಬಂತು. ಗೌಡ ಲೆಕ್ಕಾ ಹಾಕಿ ಐದಾಣೆ ಕೊಡ್ತಾನ. ಲೆಕ್ಕಾ ಖರೇನೇ ಅದ. ಆದ್ರ ಉಪ್ಪಿನ ಅಂಗಡ್ಯಾಗ ಆರಾಣೆ ಇದ್ದದ್ದು ಆರಾಣೇನೇ ಇರ್ತದ. ಆ ಒಂದಾಣೆ ಎಲ್ಲಿ ಹೋಯ್ತು ಅಂತ ಅಕಿ ಯಾರಿಗಿ ಕೇಳಬೇಕು?" ಮತ್ತೆ ಹೇಳಿದ: ಬರ ಬಂದರೆ, ಬೆಲೆ ಕೆಟ್ಟರೆ, ನಮ್ಮ ನಾಣ್ಯವಾದರೆ ಹೈದರಾಬಾದಿನಲ್ಲಿ ಕೂತವರನ್ನು ಹಿಡಿದು ಕೇಳಬಹುದು. ಅವರದಾದರೆ ಸಮುದ್ರದಾಚೆ ಕೂತವರನ್ನು ಕೇಳಬೇಕು. ಯುದ್ಧದ ಕಾಲದಲ್ಲಿ ಅವರು ಬೆಳ್ಳಿಯನ್ನೆಲ್ಲ ಒಳಗೆ ಎಳೆದುಕೊಂಡು ಕಾಗದ ಕೊಟ್ಟದ್ದನ್ನು ಮರೆತೆಯಾ?

ನಮ್ಮವರೂ ಕಾಗದ ಕೊಟ್ಟರಲ್ಲ ಎಂದು ಹಾವಗೆಪ್ಪ ಅಂದ. ಇಬ್ಬರೂ ನಕ್ಕರು. ಆದರೆ ಕಳೆ ತೆಗೆಯುವ ಹೆಣ್ಣುಮಗಳ ಮಾತು ಹಾವಗೆಪ್ಪನಲ್ಲಿ ಇಳಿಯಿತು. ಇಷ್ಟು ವರ್ಷ ವಾದ ಮಾಡಿದ್ದರೂ ಗೆಳೆಯನ ಮಾತನ್ನು ತಾನು ಸರಿಯಾಗಿ ಕೇಳಿಸಿಕೊಂಡದ್ದು ಇಂದೇ ಅನ್ನಿಸಿತು. ಹೆದರಿಕೆಯ ವಿಷಯವನ್ನು ಆಗ ಹೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಎತ್ತೊಂದು ಹಗ್ಗ ಸಡಿಲಿಸಿಕೊಂಡು ಹೊಳೆಗೆ ಇಳಿಯಿತು, ಇಬ್ಬರೂ ಓಡಿದರು. ಮತ್ತೆ ಬಂದು ಕೂತಾಗ ಮಾತು ಬೇರೆ ಕಡೆ ತಿರುಗಿತ್ತು.

ಭಾಲ್ಕಿಯಲ್ಲಿ ಮಲ್ಲಿಕಾರ್ಜುನಪ್ಪನ ಅಡತಿ ಅಂಗಡಿಯ ಅಂಗಳಕ್ಕೆ ಚಪ್ಪರ ಹಾಕಿದ್ದರು. ಹಮಾಲರು, ಗಾಡಿಯವರು, ಸುತ್ತಿನ ಹಳ್ಳಿಯವರು, ಮಾಳಿಗೆಯ ಮೇಲೆ ಹೆಂಗಸರು. ಮುಂದೆ ಕುರ್ಚಿಯ ಮೇಲೆ ಸಾಹೇಬರು, ಪಕ್ಕಕ್ಕೆ ಅವರ ಗುಮಾಸ್ತ. ಸಾಹೇಬರಿಗೆ ಕನ್ನಡ ಬಾರದು, ಗುಮಾಸ್ತ ಕಿವಿಯಲ್ಲಿ ಉರ್ದು ಮಾಡಿ ಹೇಳುತ್ತಿದ್ದ. ಪಕ್ಷ ಅದಲುಬದಲಾದದ್ದು ಮಲ್ಲಿಕಾರ್ಜುನಪ್ಪನಿಗೆ ಅಲ್ಲಿಯೇ ತಿಳಿದದ್ದು. ಹುಬ್ಬು ಗಂಟಿಕ್ಕಿದ, ಆದರೆ ಸಾಹೇಬರ ಮುಂದೆ ತಡೆಯುವಂತಿರಲಿಲ್ಲ.

ಮೊದಲು ಹಾವಗೆಪ್ಪ ಎತ್ತಿಕೊಂಡ.

"ನಾಕ ಮಿನಾರದ ನಡಬರಕ ತೆರದದ ನಮ್ಮನಿ ಬಾಗಿಲ ನೋಡೋ,
ಬೋಳ ತಲಿಯೊಂದ ಬಿಟ್ಟರ ನಿಮ್ಮ ಬಿಲ್ಲ್ಯಾಗ ಏನದ ಹೇಳೋ."

ಹಾಲಿಯ ಮೇಲೆ ಚಾರ್ಮಿನಾರದ ಚಿತ್ರ, ಕಲದಾರದ ಮೇಲೆ ಹಿಂದಿನ ಇಂಗ್ರೇಜಿ ದೊರೆಯ ಬೋಳುತಲೆ. ಜನ ಬಿದ್ದು ಬಿದ್ದು ನಕ್ಕರು. ಗುಮಾಸ್ತ ಹೇಳಿದ ಮೇಲೆ ಸಾಹೇಬರೂ ಮೀಸೆಯಡಿ ನಕ್ಕರು. ರಸೂಲ ದಪ್ಪು ಬಡಿದು, ನಿಮ್ಮ ಬಾಗಿಲು ತೆರೆದಿದ್ದರೆ ದಾಟಿ ಹೋದವರ ಕಿಸೆ ಕತ್ತರಿಸುವ ಸರಾಫ ಯಾಕೆ ಹೊಸಿಲ ಮೇಲೆ ಕೂತಿದ್ದಾನೆ ಎಂದು ಕೇಳಿದ. ಹೀಗೆ ಏರುತ್ತ ಹೋಯಿತು. ಹಾವಗೆಪ್ಪ ಕಳೆ ತೆಗೆಯುವವಳ ಆಣೆಯನ್ನು ಹಾಡಿದಾಗ ಮಾಳಿಗೆಯ ಮೇಲಿನ ಹೆಂಗಸರು ಹೌದೌದು ಅಂದರು. ಅಲ್ಲಿಯವರೆಗೆ ಎಲ್ಲ ಆಟವೇ.

ಆಮೇಲೆ ರಸೂಲ ದಪ್ಪನ್ನು ಕೆಳಗಿಟ್ಟ. ಬರೀ ದನಿಯಲ್ಲಿ, ನಿಧಾನ, ಹಾಡಿದ.

"ಅಪ್ಪ ಸತ್ತು ಮಲಗ್ಯಾನ ಅರಬಿ ಇಲ್ಲ ಮೈ ಮ್ಯಾಲ,
ಉಡಿ ತುಂಬ ರೂಪಾಯಿ ಅವ, ಊರಾಗ ಒಂದೂ ನಡಿಯೂದಿಲ್ಲ."

ಬಾರ್ಶಿಯ ಧರ್ಮಶಾಲೆ, ಅಮಾವಾಸ್ಯೆ, ಮುಚ್ಚಿದ ಅಂಗಡಿಗಳು, ಕಟ್ಟೆಯ ಮೇಲೆ ಕುಳಿತ ಮಗ. ಎಲ್ಲವನ್ನೂ ತನ್ನದೇ ತಂದೆಯ ಸಾವೆಂಬಂತೆ ಹಾಡಿದ. ಕಲದಾರ ಕೊಟ್ಟ ದಾರಿಹೋಕನ ಮಾತನ್ನು ಮಾತ್ರ ಬಿಟ್ಟ. ಹಮಾಲನೊಬ್ಬ ಹೆಗಲ ಮೇಲಿನ ಅರಿವೆಯಿಂದ ಕಣ್ಣೊರೆಸಿಕೊಂಡ. ಗುಮಾಸ್ತ ಉರ್ದು ಮಾಡುವುದನ್ನು ನಿಲ್ಲಿಸಿಬಿಟ್ಟಿದ್ದ.

ಹಾವಗೆಪ್ಪನಿಗೆ ದುಃಖ ಉಕ್ಕಿತು. ಅದರ ಜೊತೆಗೇ ಇನ್ನೊಂದು ಭಾವನೆಯೂ ಬಂತು, ಅದನ್ನು ಅವನು ಆಮೇಲೆ ಎಷ್ಟೋ ಸಲ ಕೆದಕಿ ನೋಡಿಕೊಂಡ. ಅದು ಸಿಟ್ಟು. ನನ್ನ ಅಪ್ಪ, ನನ್ನ ದುಃಖ, ನನ್ನ ವಾದ, ಎಲ್ಲ ಇವನ ಬಾಯಲ್ಲಿ ನನ್ನನ್ನೇ ಸೋಲಿಸುತ್ತಿವೆ ಎನ್ನುವ ಸಿಟ್ಟು. ತಾನೇ ಕೊಟ್ಟದ್ದು ಎನ್ನುವುದು ಆ ಗಳಿಗೆಗೆ ಮರೆತುಹೋಯಿತು. ಜನ ತನ್ನ ಕಡೆ ತಿರುಗಿ ಜವಾಬಿಗೆ ಕಾಯುತ್ತಿದ್ದಾರೆ. ಕಟ್ಟಿಟ್ಟ ಪದ ಯಾವುದೂ ಬಾಯಿಗೆ ಬರಲಿಲ್ಲ. ಬಂದದ್ದು ಇದು:

"ಯಾರ ಉಪ್ಪ ಉಂಡೀಯೋ ರಸೂಲಾ, ಯಾರ ನೆಳ್ಳಾಗ ಬೆಳದಿ,
ಉಂಡ ಮನಿ ರೂಪಾಯಿ ಉಗುಳಿ ಪರರ ಚಾಕರಿಗಿ ನಡದಿ."

ಜನ ಹೋ ಎಂದರು. ದುಃಖದಿಂದ ಹೊರಬರಲು ಅವರಿಗೂ ಒಂದು ದಾರಿ ಬೇಕಾಗಿತ್ತು, ರುಮಾಲುಗಳನ್ನು ಮೇಲೆ ಹಾರಿಸಿದರು. ಜವಾಬು ರಸೂಲನದಿತ್ತು. ಅವನು ದಪ್ಪನ್ನು ಕೈಗೆತ್ತಿಕೊಂಡ, ಹಾವಗೆಪ್ಪನ ಕಡೆ ನೋಡಿದ, ಮತ್ತೆ ಕೆಳಗಿಟ್ಟು ಕೈ ಮುಗಿದುಬಿಟ್ಟ. ಸೋತೆ ಎಂದು ಅದರ ಅರ್ಥ. ಹಿಂದೆ ಎಂದೂ ಅವನು ಹಾಗೆ ಸೋತವನಲ್ಲ. ಕುರ್ಚಿಯ ಕಡೆಯಿಂದ ಸಾಹೇಬರು ಗುಮಾಸ್ತನನ್ನು ಏನೋ ಕೇಳಿದರು. ಗುಮಾಸ್ತ ಹಾಡಿನಲ್ಲೇ ಬಂದಿದ್ದ ಹೆಸರನ್ನು ಹೇಳಿದ. ಸಾಹೇಬರು ಆಗ ನಗುತ್ತಿರಲಿಲ್ಲ.

ಜರಿಯ ರುಮಾಲು ಹಾವಗೆಪ್ಪನ ತಲೆಗೆ ಬಂತು. ಅದೇ ಗದ್ದಲದಲ್ಲಿ ಯಾರೋ 'ಹಾಲಿ ಹಾವಗೆಪ್ಪ' ಎಂದು ಕೂಗಿದರು, ಎಲ್ಲರೂ ಕೂಗಿದರು. ಸಂಜೆ ಗಾಡಿ ಹೂಡುವಾಗ ಹಾವಗೆಪ್ಪ, ಬಾಯಿ ತಪ್ಪಿ ಬಂತು ಭಾಯಿ ಎಂದ. ಹಾಡಿನ ಮಾತು ಹಾಡಿಗೆ ಹೋಯಿತು ಎಂದ ರಸೂಲ. ಆದರೆ ಬೀದರಕ್ಕೆ ಹೋಗುವ ಬೇರೆ ಗಾಡಿ ಸಿಕ್ಕಿದೆ, ನಿನಗೆ ಸುತ್ತುದಾರಿ ಯಾಕೆ ಎಂದು ಹೇಳಿ ಅದರಲ್ಲಿ ಕುಳಿತ.

ಮುಂದಿನ ವಾರವೇ ರಸೂಲನಿಗೆ ಬೀದರದ ಕಚೇರಿಯಿಂದ ಕರೆ ಬಂತು. ದಿನವಿಡೀ ಬಿಸಿಲಿಗೆ ಕೂರಿಸಿ, ಯಾರು ಹಾಡಿಸಿದರು, ಎಷ್ಟು ಕೊಟ್ಟರು ಎಂದು ಕೇಳಿದರಂತೆ. ಅವನು ಯಾರ ಹೆಸರನ್ನೂ ಹೇಳಲಿಲ್ಲ, ಅದು ನನ್ನದೇ ಹಾಡು ಎಂದನಂತೆ. ಇನ್ನು ಮುಂದೆ ಜನರ ನಡುವೆ ಹಾಡುವುದಿಲ್ಲ ಎಂದು ಬರೆಸಿಕೊಂಡು ಬಿಟ್ಟರು. ಹೊಡೆಯಲಿಲ್ಲ, ಒಳಗೆ ಹಾಕಲಿಲ್ಲ. ಆದರೆ ಸುದ್ದಿ ಹೈದರಾಬಾದಿಗೆ ತಲುಪಿತು. ಅವನ ಹುಕ್ಕಾ ಕೊಳ್ಳುತ್ತಿದ್ದ ಮನೆತನದವರು ಇನ್ನು ಮಾಲು ಬೇಡ ಎಂದರು. ಒಬ್ಬರು ಬೇಡ ಎಂದದ್ದಕ್ಕೆ ಉಳಿದವರೂ ಹಿಂದೆ ಸರಿದರು. ಇದನ್ನೆಲ್ಲ ಹಾವಗೆಪ್ಪನಿಗೆ ಹೇಳಿದವನು ಅದೇ ಗಲ್ಲಿಯ ಕೆಲಸಗಾರ ಮಕ್ಸೂದ.

ಹಾವಗೆಪ್ಪ ಮಲ್ಲಿಕಾರ್ಜುನಪ್ಪನ ಬಳಿಗೆ ಓಡಿದ. ಸಾಹೇಬರಿಗೆ ಒಂದು ಮಾತು ಹೇಳಿಸಿರಿ, ಅದು ಆಟದ ಹಾಡು, ಪಕ್ಷವನ್ನು ನಾವೇ ಬದಲಿಸಿಕೊಂಡಿದ್ದೆವು ಎಂದು ಕೇಳಿಕೊಂಡ. ಮಲ್ಲಿಕಾರ್ಜುನಪ್ಪ ಹತ್ತಿಯ ಅರಳೆಯನ್ನು ಬೆರಳಲ್ಲಿ ಎಳೆಯುತ್ತ ಹೇಳಿದ.

"ನೀನೇ ಹೋಗಿ ಹೇಳು. ಕಲದಾರ ಬೇಕು ಅನ್ನವ ರಸೂಲ ಅಲ್ಲ, ಈ ಹಾವಗೆಪ್ಪ ಅಂತ ಹೇಳು. ನಾ ಬ್ಯಾಡ ಅನ್ನಂಗಿಲ್ಲ."

ಹಾವಗೆಪ್ಪ ಕಚೇರಿಯ ತನಕ ಹೋದ. ಬಾಗಿಲ ಮುಂದಿನ ಬೇವಿನ ಗಿಡದ ಕೆಳಗೆ ನಿಂತ. ಒಳಗೆ ಹೋಗುವ ಬರುವ ಜನರನ್ನು ನೋಡಿದ. ಹೆಣ್ಣುಮಕ್ಕಳು ನೆನಪಾದರು. ನಾಳೆ ಬಂದರಾಯಿತು ಎಂದುಕೊಂಡು ಗಾಡಿ ತಿರುಗಿಸಿದ. ಆ ನಾಳೆ ಬರಲೇ ಇಲ್ಲ. ಅಲ್ಲಿಂದ ಚೌಬಾರಾದ ಗಲ್ಲಿ ನೂರು ಮಾರು ದೂರ, ಅಲ್ಲಿಗೂ ಹೋಗಲಿಲ್ಲ. ಮಳೆಗಾಲ ಕಳೆದು ಧೈರ್ಯ ಮಾಡಿ ಹೋದಾಗ ಮನೆಗೆ ಬೀಗ ಬಿದ್ದಿತ್ತು. ಗಂಡ ಹೆಂಡತಿ ಸೊಲ್ಲಾಪುರಕ್ಕೆ ಹೋದರು, ಅಲ್ಲಿ ಗಿರಣಿಯಲ್ಲಿ ಕೆಲಸ ಸಿಕ್ಕಿತಂತೆ ಎಂದು ಮಕ್ಸೂದ ಹೇಳಿದ.

ನಾಣ್ಯದ ಮಾತು ಏನಾಯಿತು ಎಂದರೆ, ಏನೂ ಆಗಲಿಲ್ಲ. ಕೆಲವು ತಿಂಗಳಲ್ಲಿ ಪೇಟೆಯವರು ಅದನ್ನು ಬಿಟ್ಟು ಮಳೆಯ ಮಾತಿಗೆ, ಜೋಳದ ದರದ ಮಾತಿಗೆ ಹೊರಳಿದರು. ಹಾಲಿ ಹಾಲಿಯಾಗಿಯೇ ನಡೆಯಿತು, ಕಲದಾರ ಕಲದಾರವಾಗಿಯೇ. ಸರಾಫ ತನ್ನ ಗಾದಿಯ ಮೇಲೆ ಇದ್ದ. ತಮ್ಮಿಬ್ಬರ ಹಾಡಿಗೂ ಹೈದರಾಬಾದಿನಲ್ಲಿ ನಡೆದದ್ದಕ್ಕೂ ಯಾವ ಸಂಬಂಧವೂ ಇರಲಿಲ್ಲ ಎನ್ನುವುದು ಹಾವಗೆಪ್ಪನಿಗೆ ನಿಧಾನವಾಗಿ ತಿಳಿಯಿತು. ತಿಳಿದು ಸಂಕಟ ಹೆಚ್ಚೇ ಆಯಿತು.

ಜನಕ್ಕೆ 'ಯಾರ ಉಪ್ಪ ಉಂಡೀಯೋ' ಎನ್ನುವ ಆ ಎರಡು ಸಾಲು ಬಾಯಿಪಾಠವಾಗಿತ್ತು. ಎಲ್ಲಿ ಹೋದರೂ ಅದನ್ನೇ ಹಾಡು ಎನ್ನುವರು. ಮೊದಲ ವರ್ಷ ಹಾವಗೆಪ್ಪ ಹಾಡಿದ ಎನ್ನುವುದನ್ನು ಮುಚ್ಚಿಡುವಂತಿಲ್ಲ. ಔರಾದದಲ್ಲಿ ಹಾಡಿದ, ಕಮಲನಗರದಲ್ಲಿ ಹಾಡಿದ, ಧೋತರವನ್ನೂ ಬೆಳ್ಳಿ ಕಡಗವನ್ನೂ ತಂದ. ರಸೂಲ ಎಂಬ ಹೆಸರಿನ ಜಾಗಕ್ಕೆ ಬೇರೆ ಶಬ್ದ ಹಾಕಿ ನೋಡಿದ. ಜನರೇ ಹಿಂದಿನಿಂದ ರಸೂಲಾ ಎಂದು ಕೂಗಿ ತುಂಬಿಸಿದರು. ಅಂದು ಮನೆಗೆ ಬಂದು ತುಂತುಣಿಯ ತಂತಿ ಬಿಚ್ಚಿದ. ಆಮೇಲೆ ಹಾಡಲಿಲ್ಲ. ಗಂಟಲು ಹೋಗಿದೆ ಎಂದು ಸುಳ್ಳು ಹೇಳುತ್ತಿದ್ದ.

ಬಾರ್ಶಿಯಿಂದ ಸೊಲ್ಲಾಪುರ ದೂರವೇನಲ್ಲ. ಆದರೂ ಅಲ್ಲಿಗೆ ಹೋಗಲು ಅವನಿಗೆ ಆರೇಳು ವರ್ಷ ಬೇಕಾದವು. ದೊಡ್ಡ ಮಗಳ ಮದುವೆಯ ಅರಿವೆ ತರುವ ನೆಪ ಮಾಡಿಕೊಂಡು ಹೋದ. ಗಿರಣಿ ಕೆಲಸಗಾರರ ಚಾಳಿನಲ್ಲಿ ಕೇಳಿ ಕೇಳಿ ಮನೆ ಹುಡುಕಿದ. ಬೇಸಿಗೆಯ ನಡುಹಗಲು. ರಸೂಲ ಬಾಗಿಲಲ್ಲಿ ಹಗ್ಗದ ಮಂಚದ ಮೇಲೆ ಕುಳಿತು ಕೆಮ್ಮುತ್ತಿದ್ದ. ಹತ್ತಿಯ ಧೂಳು ಎದೆಗೆ ಇಳಿದಿತ್ತು, ಮುಖ ಸಣ್ಣಗಾಗಿತ್ತು. ಹಾವಗೆಪ್ಪನನ್ನು ಕಂಡು ಎದ್ದು ನಿಂತ, ಕೈ ಹಿಡಿದು ಕೂರಿಸಿದ.

ಬಹಳ ಹೊತ್ತು ಎತ್ತುಗಳ ಸುದ್ದಿ, ಮಕ್ಕಳ ಸುದ್ದಿ, ಬೀದರದ ಗಲ್ಲಿಯ ಸುದ್ದಿ ಆಡಿದರು. ಕೊನೆಗೆ ಹಾವಗೆಪ್ಪ ನೆಲ ನೋಡುತ್ತ ಶುರುಮಾಡಿದ. "ಭಾಯಿ, ಆವತ್ತ ಪಕ್ಷ ಬದಲ್ ಮಾಡ್ಕೋಮಿ ಅಂತ ನಾ ಯಾಕ ಅಂದೆ ಅಂದ್ರ..."

"ಗೊತ್ತದ."

"ನಾ ಪೂರಾ ಹೇಳಿಲ್ಲ ಇನ್ನಾ."

"ಕಾರಖಾನ್ಯಾಗ ಕುಂತು ಹೇಳ್ಲತ್ತಾಗೇ ನಿನ್ನ ಮಾರಿ ನೋಡಿ ತಿಳಕೊಂಡಿದ್ದೆ. ಸಣ್ಣ ಹೆಣ್ಮಕ್ಕಳು ಇದ್ವು ಮನ್ಯಾಗ, ಹೆದ್ರಿಕಿ ಆಗೂದೇ." ರಸೂಲ ಕೆಮ್ಮು ಬಂದು ನಿಲ್ಲಿಸಿ, ಮತ್ತೆ ಹೇಳಿದ. "ಅದು ಬಿಡು. ಮಗಳ ಮದಿವಿಗಿ ಅರಬಿ ಎಲ್ಲಿ ತಗೋತಿ? ಚೊಲೋ ಅಂಗಡಿ ನಾ ತೋರಸ್ತೇನಿ."

ಹಾವಗೆಪ್ಪ ಮತ್ತೆರಡು ಸಲ ಆ ಮಾತಿಗೆ ಬಂದ. ಎರಡು ಸಲವೂ ರಸೂಲ ನಯವಾಗಿ ಬೇರೆ ಕಡೆ ತಿರುಗಿಸಿದ. ಬಯ್ದಿದ್ದರೆ ಹಾವಗೆಪ್ಪ ಕಾಲು ಹಿಡಿಯುತ್ತಿದ್ದ. ಬಯ್ಯಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಪೇಟೆಗೆ ಕರೆದುಕೊಂಡು ಹೋಗಿ, ದರ ಮಾತಾಡಿ, ಸೀರೆಗಳನ್ನು ಕೊಡಿಸಿ ತಂದ.

ಹೊರಡುವಾಗ ರಸೂಲ ಒಳಗೆ ನೀರು ಕುಡಿಯಲು ಹೋಗಿದ್ದ. ಬಾಗಿಲ ಪರದೆಯ ಹಿಂದಿನಿಂದ ಆಬೇದಾಳ ದನಿ ಬಂತು. ಮೊದಲಿನಂತೆಯೇ ಮೆತ್ತಗಿತ್ತು.

"ಭಾಯಿ, ಒಂದು ಮಾತು. ಸಿಟ್ಟ ಮಾಡ್ಕೋಬ್ಯಾಡ್ರಿ. ಇಲ್ಲಿ ಬಂದಾಗಿಂದ ಇವರು ಹಳೇದೆಲ್ಲ ಮರ್ತಂಗ ಇದ್ರು. ಇವತ್ತ ನೀವು ಬಂದೀರಿ. ಇನ್ನ ಎಷ್ಟ ದಿನ ಮಾತಾಡದೇ ಕುಂತಿರ್ತಾರ ಗೊತ್ತಿಲ್ಲ. ಮತ್ತ ಬರಬ್ಯಾಡ್ರಿ."

ಹಾವಗೆಪ್ಪ ಹೂಂ ಎಂದ. ಮತ್ತೆ ಹೋಗಲಿಲ್ಲ. ಆ ಹೆಣ್ಣುಮಗಳ ಮಾತು ಕೇಳಿದ್ದು ಸರಿಯೋ, ಕೇಳದೆ ಇನ್ನೊಮ್ಮೆ ಹೋಗಬೇಕಾಗಿತ್ತೋ ಎಂದು ಆಮೇಲೆ ಬಹಳ ಯೋಚಿಸಿದ. ಎರಡು ಚಳಿಗಾಲ ಕಳೆದ ಮೇಲೆ ಮಕ್ಸೂದ ಔರಾದದ ಸಂತೆಯಲ್ಲಿ ಸಿಕ್ಕು, ರಸೂಲ ತೀರಿಕೊಂಡ ಸುದ್ದಿ ಹೇಳಿದ. ಮಣ್ಣಾಗಿ ಆಗಲೇ ತಿಂಗಳಾಗಿತ್ತು.

ಬೀದರಕ್ಕೆ ರೈಲು ಬಂತು. ದೂರದ ಬಾಡಿಗೆಗೆ ಗಾಡಿ ಕಟ್ಟುವವರು ಕಡಿಮೆಯಾದರು, ಹಾವಗೆಪ್ಪ ಎತ್ತುಗಳನ್ನು ಅಳಿಯನಿಗೆ ಕೊಟ್ಟು ಮನೆಯ ಕಟ್ಟೆ ಹಿಡಿದ. ಭಾಲ್ಕಿಯ ಕಡೆಯ ಎಳೆಯ ವ್ಯಾಪಾರಿಗಳು ಒಮ್ಮೊಮ್ಮೆ ಬಂದು ಕೂತು, ಕಾಕಾ, ಈಗ ಮತ್ತೆ ಒಂದೇ ನಾಣ್ಯ ಆಗಬೇಕೆಂದು ಮಾತು ಎದ್ದಿದೆ, ನೀವು ಹಾಲಿಯವರು, ಏನಂತೀರಿ ಎಂದು ಕೇಳುತ್ತಿದ್ದರು. ಅವನು ಎಲೆ ಅಡಿಕೆಯ ತಟ್ಟೆಯನ್ನು ಅವರ ಮುಂದೆ ಸರಿಸುತ್ತಿದ್ದ. ಬಾರ್ಶಿಯ ಕಟ್ಟೆ ನೆನೆದರೆ ಅವನಿಗೆ ಒಂದು ಅನ್ನಿಸುತ್ತಿತ್ತು, ರಸೂಲ ಹೇಳಿದ ಕಳೆ ತೆಗೆಯುವವಳನ್ನು ನೆನೆದರೆ ಇನ್ನೊಂದು. ಕೂತು ಮಾತಾಡಿ ಬಗೆಹರಿಸಿಕೊಳ್ಳಲು ಎದುರು ಯಾರೂ ಇರಲಿಲ್ಲ.

ಒಂದು ದಿನ ಮಧ್ಯಾಹ್ನ ಗುಂಡಮ್ಮ ಹಸಿ ತೊಗರಿಯ ಕಾಯಿ ಸುಲಿಯುತ್ತ ಕೂತಿದ್ದಳು. ಇಷ್ಟು ವರ್ಷ ಆ ಸಂಗತಿಯನ್ನು ಅವಳು ಎತ್ತಿದವಳೇ ಅಲ್ಲ. ತಲೆ ಎತ್ತದೆ ಕೇಳಿದಳು.

"ಆವತ್ತ ನಾ ಹೇಳಿಲ್ದಿದ್ರ ನೀವು ಕಲದಾರನೇ ಹಾಡ್ತಿದ್ರೇನ್ರಿ?"

"ಹಾಡ್ತಿದ್ದೆ."

"ನಿಮ್ಮನ್ನ ಒಳಗ ಹಾಕ್ತಿದ್ರು."

"ಹಾಕ್ತಿದ್ರೋ ಏನೋ," ಎಂದ ಹಾವಗೆಪ್ಪ. "ರಸೂಲ ಭಾಯಿ ಬಂದು ಬಿಡಿಸ್ಕೊಂಡು ಹೋಗ್ತಿದ್ದ."

ಗುಂಡಮ್ಮ ಸಿಪ್ಪೆಗಳನ್ನು ಮೊರಕ್ಕೆ ಬಳಿದುಕೊಂಡು, ಎಮ್ಮೆಗೆ ಹಾಕಲು ಎದ್ದು ಹಿತ್ತಲಿಗೆ ಹೋದಳು.